ಜಾರ್ಜಿಯಾ ಹಾಕದ ನಿಷೇಧ, ಕೇಳದ ಕ್ಷಮೆ: ‘ರೇ’ ಸಿನಿಮಾದ ಒಂದು ಪ್ರಕರಣ

ಅಮೆರಿಕದ ಅಂಧ ಗಾಯಕ ರೇ ಚಾರ್ಲ್ಸ್ ಅವರ ಬದುಕಿನ ಮೇಲೆ ಬಂದ ‘ರೇ’ ಸಿನಿಮಾ ಮೊದಲ ಸಲ ನೋಡಿದಾಗ ನಾನು ಎರಡು ಕಡೆ ಅತ್ತಿದ್ದೆ. ಒಂದು, ಪುಟ್ಟ ತಮ್ಮ ನೀರಿನ ತೊಟ್ಟಿಯಲ್ಲಿ ಮುಳುಗುವಾಗ. ಇನ್ನೊಂದು, ಕೊನೆಯಲ್ಲಿ. ಅಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಶಾಸನಸಭೆ ರೇ ಚಾರ್ಲ್ಸ್ ಅವರ ಕ್ಷಮೆ ಕೇಳುತ್ತದೆ, ಹದಿನೆಂಟು ವರ್ಷದ ಹಿಂದೆ ಅವರ ಮೇಲೆ ಹಾಕಿದ್ದ ನಿಷೇಧವನ್ನು ತೆಗೆಯುತ್ತದೆ, ಅವರು ಹಾಡಿ ಮನೆಮಾತಾದ ‘ಜಾರ್ಜಿಯಾ ಆನ್ ಮೈ ಮೈಂಡ್’ ಹಾಡನ್ನೇ ರಾಜ್ಯದ ಅಧಿಕೃತ ಹಾಡು ಅಂತ ಘೋಷಿಸುತ್ತದೆ. ತಮ್ಮನ ಸಾವು ನಿಜವಾಗಿ ನಡೆದದ್ದು. ಕೊನೆಯ ದೃಶ್ಯದಲ್ಲೂ ಹಾಡು ನಿಜ, ಶಾಸನಸಭೆ ನಿಜ, 1979 ಅನ್ನುವ ವರ್ಷವೂ ನಿಜ. ನಿಷೇಧ ಮಾತ್ರ ನಿಜ ಅಲ್ಲ. ಜಾರ್ಜಿಯಾ ರಾಜ್ಯ ರೇ ಚಾರ್ಲ್ಸ್ ಅವರನ್ನು ಯಾವತ್ತೂ ನಿಷೇಧಿಸಿರಲಿಲ್ಲ.

ನನಗೆ ಇದು ತಿಳಿದದ್ದು ಎಷ್ಟೋ ವರ್ಷ ಆದ ಮೇಲೆ. ಅಷ್ಟರಲ್ಲಿ ಕಡಿಮೆ ಅಂದರೂ ಹತ್ತು ಜನಕ್ಕೆ ನಾನೇ ಈ ಕಥೆ ಹೇಳಿದ್ದೆ. “ಆ ಹಾಡು ಇದೆಯಲ್ಲ, ಅದನ್ನು ಹಾಡಿದವರನ್ನೇ ಆ ರಾಜ್ಯ ಒಳಗೆ ಬಿಟ್ಟುಕೊಳ್ಳಲಿಲ್ಲ, ಗೊತ್ತಾ?” ಅಂತ. ಕೇಳಿದವರೆಲ್ಲ ನಂಬಿದರು. ಯಾಕೆ ನಂಬುವುದಿಲ್ಲ, ಅಲ್ವಾ? ಅಷ್ಟು ಚೆನ್ನಾಗಿ ಕೂಡಿಕೊಳ್ಳುವ ಕಥೆ ಅದು. ಆಮೇಲೆ ನಿಜ ಏನು ಅಂತ ಓದಿಕೊಂಡಾಗ ಮೊದಲು ಬೇಜಾರಾಯಿತು. ಇನ್ನಷ್ಟು ಓದಿದ ಮೇಲೆ ಆ ಬೇಜಾರು ಬೇರೆ ಕಡೆ ತಿರುಗಿತು. ಯಾಕೆಂದರೆ ನಿಜವಾಗಿ ನಡೆದದ್ದು ಸಿನಿಮಾದ ಕಥೆಗಿಂತ ದೊಡ್ಡದು. ಅದರಲ್ಲಿ ಕೆಲಸ ಮಾಡಿದವರು ಬೇರೆ, ಸಿನಿಮಾದಲ್ಲಿ ಹೆಸರು ಪಡೆದವರು ಬೇರೆ. ಅದಕ್ಕೇ ಈ ಒಂದು ಪ್ರಕರಣವನ್ನು ಮೊದಲಿಂದ ಕೊನೆವರೆಗೆ ಬರೆಯೋಣ ಅನಿಸಿತು.

ರೇ ಚಾರ್ಲ್ಸ್ ಯಾರು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಹುಟ್ಟಿದ್ದು 1930ರ ಸೆಪ್ಟೆಂಬರ್ 23ರಂದು, ಜಾರ್ಜಿಯಾದ ಆಲ್ಬನಿ ಎಂಬ ಊರಿನಲ್ಲಿ. ಬೆಳೆದದ್ದು ಪಕ್ಕದ ಫ್ಲೋರಿಡಾ ರಾಜ್ಯದ ಗ್ರೀನ್‌ವಿಲ್‌ನಲ್ಲಿ, ಕಡುಬಡತನದಲ್ಲಿ. ತಾಯಿ ಬೇರೆಯವರ ಬಟ್ಟೆ ಒಗೆದು ಮಕ್ಕಳನ್ನು ಸಾಕುತ್ತಿದ್ದರು. ರೇಗೆ ಐದು ವರ್ಷ ಆಗಿದ್ದಾಗ ತಮ್ಮ ಜಾರ್ಜ್ ಬಟ್ಟೆ ಒಗೆಯುವ ತೊಟ್ಟಿಗೆ ಬಿದ್ದು, ಅಣ್ಣನ ಕಣ್ಣೆದುರೇ ಸತ್ತ. ಆಮೇಲೆ ಹುಡುಗನ ಕಣ್ಣು ಮಂಜಾಗುತ್ತಾ ಬಂತು. ಏಳು ವರ್ಷದ ಹೊತ್ತಿಗೆ ಪೂರ್ತಿ ಕತ್ತಲೆ. ಸೇಂಟ್ ಆಗಸ್ಟೀನ್ ಊರಿನ ಅಂಧ ಮಕ್ಕಳ ಶಾಲೆಯಲ್ಲಿ ಬ್ರೈಲ್‌ನಲ್ಲಿ ಸಂಗೀತ ಓದಲು, ಬರೆಯಲು ಕಲಿತ. ಶಾಲೆ ಮುಗಿಯುವ ಮೊದಲೇ ತಾಯಿಯೂ ತೀರಿಕೊಂಡರು. ಹದಿನೈದರ ಹೊತ್ತಿಗೆ ಹುಡುಗ ಪಿಯಾನೋ ಬಾರಿಸಿ ಹೊಟ್ಟೆ ಹೊರೆಯುತ್ತಿದ್ದ.

1954ರಲ್ಲಿ ಅವರು ಚರ್ಚಿನ ಹಾಡಿನ ಧಾಟಿಗೆ ಗಂಡು ಹೆಣ್ಣಿನ ಪ್ರೀತಿಯ ಮಾತು ಹಾಕಿ ಹಾಡಿದರು. ದಾಸರ ಪದದ ಧಾಟಿಗೆ ಯಾರೋ ಶೃಂಗಾರದ ಸಾಲು ಹಾಕಿ, ಅದೇ ಭಕ್ತಿಯಿಂದ ಹಾಡಿದರು ಅಂದುಕೊಳ್ಳಿ. ದೊಡ್ಡವರಿಗೆ ಸಿಟ್ಟು ಬಂತು, ಹುಡುಗರಿಗೆ ಹುಚ್ಚು ಹಿಡಿಯಿತು. ಇವತ್ತು ಸೋಲ್ ಸಂಗೀತ ಅಂತ ಕರೆಯುವುದರ ಬೇರು ಅಲ್ಲಿದೆ. ಆ ಹಾಡನ್ನು ರೆಕಾರ್ಡ್ ಮಾಡಿದ್ದು ಎಲ್ಲಿ ಅಂತೀರಿ? ಜಾರ್ಜಿಯಾದ ರಾಜಧಾನಿ ಅಟ್ಲಾಂಟಾದಲ್ಲಿ, ಒಂದು ರೇಡಿಯೋ ಸ್ಟುಡಿಯೋದಲ್ಲಿ. ಅಂದರೆ ಆ ರಾಜ್ಯ ಅವರು ಹುಟ್ಟಿದ ಜಾಗ ಮಾತ್ರ ಅಲ್ಲ, ಅವರ ಸಂಗೀತ ಹೊಸದಾಗಿ ಹುಟ್ಟಿದ ಜಾಗ ಕೂಡ.

1960ರಲ್ಲಿ ‘ಜಾರ್ಜಿಯಾ ಆನ್ ಮೈ ಮೈಂಡ್’ ಬಂತು. ಅದು ಅವರು ಬರೆದ ಹಾಡಲ್ಲ. 1930ರಲ್ಲೇ, ಅವರು ಹುಟ್ಟಿದ ವರ್ಷವೇ, ಹೋಗಿ ಕಾರ್ಮೈಕಲ್ ರಾಗ ಹಾಕಿ, ಸ್ಟುವರ್ಟ್ ಗೊರೆಲ್ ಸಾಹಿತ್ಯ ಬರೆದಿದ್ದ ಹಳೆಯ ಹಾಡು. ಮೂವತ್ತು ವರ್ಷ ಬೇರೆ ಬೇರೆಯವರು ಹಾಡಿದ್ದರು. ರೇ ಅದನ್ನು ತುಂಬಾ ನಿಧಾನ ಮಾಡಿ, ಒಂದೊಂದು ಮಾತಿನ ಮೇಲೂ ನಿಂತು, ಎದೆ ಹಿಂಡುವ ಹಾಗೆ ಹಾಡಿದರು. 1960ರ ನವೆಂಬರಿನಲ್ಲಿ ಅದು ಅಮೆರಿಕದ ನಂಬರ್ ಒನ್ ಹಾಡಾಯಿತು. ಇದಾಗಿ ನಾಲ್ಕು ತಿಂಗಳಿಗೆ ನಮ್ಮ ಪ್ರಕರಣ ಶುರುವಾಗುತ್ತದೆ.

1961ರ ಮಾರ್ಚ್ 15. ಜಾರ್ಜಿಯಾದ ಆಗಸ್ಟಾ ನಗರದ ಬೆಲ್ ಆಡಿಟೋರಿಯಂನಲ್ಲಿ ರೇ ಅವರ ಕಾರ್ಯಕ್ರಮ ಇತ್ತು. ಸುಮ್ನೆ ಕೂತು ಕೇಳುವ ಕಛೇರಿ ಅಲ್ಲ, ಡ್ಯಾನ್ಸ್ ಕಾರ್ಯಕ್ರಮ. ವಾದ್ಯದವರು ಮೇಲೆ, ಕುಣಿಯುವ ಜನ ಕೆಳಗೆ. ಆದರೆ ಕೆಳಗಿನ ದೊಡ್ಡ ಜಾಗ ಬಿಳಿಯರಿಗೆ ಮಾತ್ರ ಅಂತ ಆಯೋಜಕರು ಇಟ್ಟುಕೊಂಡಿದ್ದರು. ಕರಿಯರು ಮ್ಯೂಸಿಕ್ ಹಾಲ್ ಬಾಲ್ಕನಿಯಲ್ಲಿ ಕೂರಬೇಕು. ನಮ್ಮ ಥಿಯೇಟರುಗಳಲ್ಲಿ ಬಾಲ್ಕನಿ ಅಂದರೆ ಜಾಸ್ತಿ ದುಡ್ಡಿನ ಸೀಟು, ಗಾಂಧಿ ಕ್ಲಾಸು ಇರುವುದು ಕೆಳಗೆ ಪರದೆಯ ಹತ್ತಿರ. ಅಲ್ಲಿ ಲೆಕ್ಕ ತಿರುವುಮುರುವು. ಬಾಲ್ಕನಿ ಅಂದರೆ ನೀನು ನೋಡಬಹುದು, ಕುಣಿಯುವ ಹಾಗಿಲ್ಲ ಅಂತ ಅರ್ಥ. ಹಾಡುವವನು ಕರಿಯ, ಬಾರಿಸುವವರು ಕರಿಯರು, ಆ ಸಂಗೀತ ಹುಟ್ಟಿದ್ದು ಕರಿಯರ ಚರ್ಚಿನಲ್ಲಿ, ಆದರೆ ಅದಕ್ಕೆ ಕಾಲು ಹಾಕುವ ಹಕ್ಕು ಮಾತ್ರ ಬಿಳಿಯರದು. ಊರ ಹೋಟೆಲಿನಲ್ಲಿ ಕೆಲವರಿಗೆ ಬೇರೆ ಲೋಟ ಇಡುವುದನ್ನು ಕಂಡವರಿಗೆ, ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಗಸ್ಟಾದಲ್ಲಿ ಪೇನ್ ಕಾಲೇಜು ಅಂತ ಒಂದಿದೆ. 1882ರಲ್ಲಿ ಶುರುವಾದದ್ದು, ಕರಿಯ ವಿದ್ಯಾರ್ಥಿಗಳ ಕಾಲೇಜು. ನಮ್ಮ ಪ್ರಕರಣಕ್ಕೆ ಒಂದು ವರ್ಷ ಹಿಂದೆ, 1960ರ ಫೆಬ್ರವರಿಯಲ್ಲಿ, ಗ್ರೀನ್ಸ್‌ಬರೋ ಊರಿನಲ್ಲಿ ನಾಲ್ಕು ಕರಿಯ ಹುಡುಗರು ಬಿಳಿಯರ ಊಟದ ಕೌಂಟರಿನಲ್ಲಿ ಹೋಗಿ ಕೂತು ಏಳಲಿಲ್ಲ. ಅಲ್ಲಿಂದ ದಕ್ಷಿಣದ ಕಾಲೇಜು ಕಾಲೇಜಿನಲ್ಲಿ ಕಾವು ಏರಿತ್ತು. ಪೇನ್ ಕಾಲೇಜಿನ ವಿದ್ಯಾರ್ಥಿಗಳು ರೇ ಅವರಿಗೆ ವಿಷಯ ಮುಟ್ಟಿಸಿದರು: ಇವತ್ತಿನ ಕಾರ್ಯಕ್ರಮದಲ್ಲಿ ಹೀಗೆ ಹೀಗೆ ಜನರನ್ನು ಬೇರೆ ಮಾಡಿ ಕೂರಿಸುತ್ತಾರೆ. ರೇ ಹಾಡಲಿಲ್ಲ. ಯಾಕೆ ಹಾಡುವುದಿಲ್ಲ ಅಂತ ಎಲ್ಲರಿಗೂ ಗೊತ್ತಾಗುವ ಹಾಗೆ ಹೇಳಿ ಊರು ಬಿಟ್ಟರು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಕಣ್ಣಿಲ್ಲದ ಕಲಾವಿದರಿಗೆ ಸಭೆಯಲ್ಲಿ ಯಾರು ಎಲ್ಲಿ ಕೂತಿದ್ದಾರೆ ಅಂತ ವೇದಿಕೆಯಿಂದ ಕಾಣುವುದಿಲ್ಲ. ಯಾರಾದರೂ ಹೇಳಬೇಕು. ಟಿಕೆಟ್ ಮಾರುವವರು ಹೇಳುವುದಿಲ್ಲ, ಮ್ಯಾನೇಜರಿಗೆ ಹಣದ ಯೋಚನೆ. ಹೇಳಿದವರು ಹತ್ತೊಂಬತ್ತು, ಇಪ್ಪತ್ತು ವಯಸ್ಸಿನ ವಿದ್ಯಾರ್ಥಿಗಳು. ಅಷ್ಟು ದೊಡ್ಡ ಹೆಸರಿನ ಕಲಾವಿದನಿಗೆ, ಕಾರ್ಯಕ್ರಮದ ದಿನ, ‘ನೀವು ಹಾಡಬೇಡಿ’ ಅಂತ ಹೇಳುವುದಕ್ಕೆ ಧೈರ್ಯ ಬೇಕು. ಅದನ್ನು ಕೇಳಿ ಹಾಡದೆ ವಾಪಸ್ ಹೋಗಲಿಕ್ಕೂ ಧೈರ್ಯ ಬೇಕು, ಒಪ್ಪುತ್ತೇನೆ. ಆದರೆ ಮೊದಲ ಹೆಜ್ಜೆ ಇಟ್ಟವರು ಅವರು. ನನ್ನ ಮಟ್ಟಿಗೆ ಈ ಪ್ರಕರಣದ ನಾಯಕರೂ ಅವರೇ.

ಮುಂದೆ ಆದದ್ದು ಕೋರ್ಟು ಕಚೇರಿ. ರೇ ಒಪ್ಪಂದ ಮುರಿದರು ಅಂತ ಕಾರ್ಯಕ್ರಮದ ಆಯೋಜಕ ಅವರ ಮೇಲೆ ಕೇಸು ಹಾಕಿದ. 1962ರ ಜೂನ್ 14ರಂದು ಅಟ್ಲಾಂಟಾದ ಫುಲ್ಟನ್ ಕೌಂಟಿ ಸುಪೀರಿಯರ್ ಕೋರ್ಟು ಅವರಿಗೆ 757 ಡಾಲರ್ ದಂಡ ಹಾಕಿತು. ಬಾಲ್ಕನಿಗೆ ಯಾರನ್ನು ಕಳಿಸುತ್ತಿದ್ದರು, ಯಾಕೆ ಕಳಿಸುತ್ತಿದ್ದರು ಅನ್ನುವುದಕ್ಕೆ ದಂಡ ಇಲ್ಲ. ಒಪ್ಪಿಕೊಂಡ ಕಾರ್ಯಕ್ರಮಕ್ಕೆ ಕಲಾವಿದ ಹಾಡಲಿಲ್ಲ, ಅದಕ್ಕೆ ದಂಡ.

ಆ ದಿನಾಂಕವನ್ನು ಇನ್ನೊಂದು ಲೆಕ್ಕದ ಪಕ್ಕ ಇಟ್ಟು ನೋಡಿ. 1962ರ ಜೂನ್ ತಿಂಗಳು ಪೂರ್ತಿ ಅಮೆರಿಕದ ನಂಬರ್ ಒನ್ ಹಾಡು ರೇ ಅವರ ‘ಐ ಕಾಂಟ್ ಸ್ಟಾಪ್ ಲವಿಂಗ್ ಯು’. ಐದು ವಾರ ಅದೇ ಮೇಲೆ. ಅದೂ ಎಂಥ ಹಾಡು? ಕಂಟ್ರಿ ಹಾಡು, ಅಂದರೆ ದಕ್ಷಿಣದ ಬಿಳಿಯರು ತಮ್ಮದು ಅಂತ ಎದೆ ತಟ್ಟಿಕೊಳ್ಳುತ್ತಿದ್ದ ಸಂಗೀತ. ಅದನ್ನು ಒಬ್ಬ ಕರಿಯ ಕಲಾವಿದ ವಯಲಿನ್, ಕೋರಸ್ ಎಲ್ಲ ಇಟ್ಟು ಹಾಡಿದ್ದರು, ಬಿಳಿಯರೇ ಮುಗಿಬಿದ್ದು ಕೊಂಡರು. ಅಟ್ಲಾಂಟಾದ ಕೋರ್ಟಿನಲ್ಲಿ ದಂಡದ ತೀರ್ಪು ಆದ ದಿನ, ಅದೇ ಊರಿನ ಮನೆಗಳ ರೇಡಿಯೋದಲ್ಲಿ ಆ ದನಿ ಕೇಳುತ್ತಿತ್ತು. ಸಿನಿಮಾ ಮಾಡುವವರ ಕೈಗೆ ಇದಕ್ಕಿಂತ ಒಳ್ಳೆಯ ದೃಶ್ಯ ಇನ್ನೇನು ಸಿಗಬೇಕು? ಒಂದು ಕಡೆ ನ್ಯಾಯಾಧೀಶರ ಮೇಜು, ಇನ್ನೊಂದು ಕಡೆ ಅಡುಗೆಮನೆಯ ರೇಡಿಯೋ. ಏನನ್ನೂ ಹುಟ್ಟಿಸಿಕೊಂಡು ಹೇಳಬೇಕಾಗಿರಲಿಲ್ಲ.

ಇನ್ನೊಂದು ತಾರೀಖು ಇದೆ, ಇಡೀ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. 1963ರ ಅಕ್ಟೋಬರ್ 23. ರೇ ಆಗಸ್ಟಾಗೆ ವಾಪಸ್ ಬಂದರು. ಅದೇ ಬೆಲ್ ಆಡಿಟೋರಿಯಂ. ಅವರ ಜೊತೆ ಹಾಡುವ ಹೆಣ್ಣುಮಕ್ಕಳ ತಂಡ ರೇಲೆಟ್ಸ್ ಕೂಡ ಬಂತು. ಈ ಸಲ ಸಭಾಂಗಣದಲ್ಲಿ ಕರಿಯರಿಗೆ, ಬಿಳಿಯರಿಗೆ ಬೇರೆ ಬೇರೆ ಜಾಗ ಇರಲಿಲ್ಲ. ಜನಾಂಗದ ಹೆಸರಲ್ಲಿ ಇಂಥ ಜಾಗಗಳಲ್ಲಿ ಭೇದ ಮಾಡಬಾರದು ಅನ್ನುವ ಕೇಂದ್ರದ ನಾಗರಿಕ ಹಕ್ಕುಗಳ ಕಾಯಿದೆ ಬಂದದ್ದು 1964ರ ಜುಲೈಯಲ್ಲಿ. ಅಂದರೆ ಕಾನೂನು ಬರುವುದಕ್ಕೆ ಎಂಟು ತಿಂಗಳು ಮೊದಲೇ ಆ ಊರಿನ ಆ ಹಾಲ್ ಬದಲಾಗಿತ್ತು. ‘ಹಾಡುವುದಿಲ್ಲ’ ಅಂದ ಎರಡೂವರೆ ವರ್ಷಕ್ಕೆ ಅದೇ ಜಾಗದಲ್ಲಿ ಹಾಡಿದರು.

ಆಮೇಲೆ 1979. ಮಾರ್ಚ್ 7ರಂದು ರೇ ಜಾರ್ಜಿಯಾ ಶಾಸನಸಭೆಯ ಮುಂದೆ ಆ ಹಾಡು ಹಾಡಿದರು. ಏಪ್ರಿಲ್ 24ರಂದು ಅದು ರಾಜ್ಯದ ಅಧಿಕೃತ ಹಾಡಾಯಿತು. ದೊಡ್ಡ ಗೌರವ, ನಿಜ. ಆದರೆ ಅದು ತಪ್ಪೊಪ್ಪಿಗೆ ಅಲ್ಲ. ನಿಷೇಧವೇ ಇರಲಿಲ್ಲ, ತೆಗೆಯುವುದು ಎಲ್ಲಿ ಬಂತು?

ಈಗ ಸಿನಿಮಾ ಏನು ಮಾಡಿತು ನೋಡೋಣ. ಅದರಲ್ಲಿ ರೇ ಆಗಸ್ಟಾಗೆ ಬಂದು ಇಳಿಯುತ್ತಾರೆ. ಹೊರಗೆ ಪ್ರತಿಭಟನೆ ನಡೆದಿದೆ. ಒಬ್ಬ ಯುವಕ ಮಾತಾಡಿಸುತ್ತಾನೆ. ರೇ ಮೊದಲು ಇದು ಇಲ್ಲಿ ಇದ್ದದ್ದೇ ಅನ್ನುವ ಹಾಗೆ ಮುಂದೆ ಹೋಗುತ್ತಾರೆ, ಆಮೇಲೆ ಮನಸ್ಸು ಬದಲಾಗಿ ಬಸ್ಸು ಹತ್ತಿ ವಾಪಸ್ ಹೋಗುತ್ತಾರೆ. ಇಲ್ಲಿವರೆಗೆ ಸರಿ, ಇಷ್ಟು ಸ್ವಾತಂತ್ರ್ಯ ಯಾರಾದರೂ ತೆಗೆದುಕೊಳ್ಳುತ್ತಾರೆ. ಆದರೆ ಆಮೇಲೆ ಜಾರ್ಜಿಯಾ ರಾಜ್ಯ ಅವರನ್ನು ಜೀವನಪೂರ್ತಿ ನಿಷೇಧಿಸಿತು ಅಂತ ಬರುತ್ತದೆ. ಕೊನೆಗೆ 1979ರ ಕ್ಷಮೆ. ನಾಗರಿಕ ಹಕ್ಕುಗಳ ಹೋರಾಟದಿಂದ ಬಂದ ಜೂಲಿಯನ್ ಬಾಂಡ್ ಅವರೇ ಆ ದೃಶ್ಯದಲ್ಲಿ ತಮ್ಮದೇ ಪಾತ್ರ ಮಾಡಿದ್ದಾರೆ. ನಿಜವಾದ ಹೋರಾಟಗಾರರೇ ಪರದೆಯ ಮೇಲೆ ನಿಂತರೆ ನೋಡುವವರಿಗೆ ಅನುಮಾನ ಬರುವುದಾದರೂ ಹೇಗೆ?

ಯಾಕೆ ಹೀಗೆ ಮಾಡಿದರು ಅನ್ನುವುದು ಸಿನಿಮಾದ ಕಟ್ಟಡ ನೋಡಿದರೆ ಗೊತ್ತಾಗುತ್ತದೆ. ಎರಡೂವರೆ ಗಂಟೆಯ ಸಿನಿಮಾ. ರೇ ತಮಗಿದ್ದ ಹೆರಾಯಿನ್ ಎಂಬ ಮಾದಕವಸ್ತುವಿನ ಚಟ ಬಿಡುವ ದೃಶ್ಯದಲ್ಲಿ ಒಳಗಿನ ಕಥೆ ಮುಗಿಯುತ್ತದೆ. ಹೊರಗಿನ ಕಥೆಗೂ ಒಂದು ಮುಗಿತಾಯ ಬೇಕು. 1979ರ ಶಾಸನಸಭೆ ಸಿದ್ಧವಾಗಿ ಸಿಕ್ಕಿತು: ಹಾಡಿದೆ, ಚಪ್ಪಾಳೆ ಇದೆ, ಹುಟ್ಟಿದ ರಾಜ್ಯ ಇದೆ. ಆದರೆ ನಿಷೇಧ ಇಲ್ಲದಿದ್ದರೆ ಅದು ಬರೀ ಸನ್ಮಾನ ಸಮಾರಂಭ. ಶಾಲು, ಹಾರ, ಫೋಟೋ. ಅದನ್ನು ನೋಡಿ ಯಾರೂ ಅಳುವುದಿಲ್ಲ. ರಾಮ ಅಯೋಧ್ಯೆಗೆ ವಾಪಸ್ ಬಂದದ್ದಕ್ಕೆ ಜನ ದೀಪ ಹಚ್ಚಿದ್ದು ಮೊದಲು ವನವಾಸ ಇತ್ತು ಅಂತ. ಇಲ್ಲೂ ಅಷ್ಟೇ, ಮನೆಗೆ ಮರಳುವ ದೃಶ್ಯ ಬೇಕಿತ್ತು, ಅದಕ್ಕೆ ಒಂದು ವನವಾಸ ಹುಟ್ಟಿಸಿದರು.

ಆ ವನವಾಸ 1961ರಿಂದ 1979ರ ತನಕ ಚಾಚಿಕೊಂಡಿದ್ದರಿಂದ, 1963ರ ಅಕ್ಟೋಬರ್ 23 ಆ ಕಥೆಯಲ್ಲಿ ನಡೆಯಲು ಜಾಗವೇ ಉಳಿಯಲಿಲ್ಲ. ನಿಷೇಧ ಇದ್ದವರು ಎರಡೇ ವರ್ಷಕ್ಕೆ ಬಂದು ಹಾಡುವುದು ಹೇಗೆ ಸಾಧ್ಯ? ಹೀಗಾಗಿ ವಿದ್ಯಾರ್ಥಿಗಳು, ಊರಿನ ಜನ, ಕಲಾವಿದ ಸೇರಿ ಗೆದ್ದ ಒಂದು ರಾತ್ರಿ ಅಳಿಸಿಹೋಯಿತು. ಅದರ ಜಾಗದಲ್ಲಿ ಸರ್ಕಾರ ದೊಡ್ಡ ಮನಸ್ಸು ಮಾಡಿ ಕೊಟ್ಟ ಒಂದು ದಿನ ಬಂದು ಕೂತಿತು. ಮಾಡದ ತಪ್ಪನ್ನು ಸಿನಿಮಾ ಜಾರ್ಜಿಯಾದ ಮೇಲೆ ಹೊರಿಸಿತು, ಸರಿ. ಅದಕ್ಕಿಂತ ನನಗೆ ನೋವಾಗುವುದು ಏನೆಂದರೆ, ಆ ರಾಜ್ಯ ಯಾವತ್ತೂ ಕೇಳದ ಕ್ಷಮೆಯನ್ನು ಕೂಡ ಅದರ ಲೆಕ್ಕಕ್ಕೆ ಜಮಾ ಮಾಡಿತು. ನಿಜವಾದ ಬಾಕಿ, ಆ 757 ಡಾಲರ್ ದಂಡ, ಜನರ ನೆನಪಿಗೇ ಬರಲಿಲ್ಲ.

ನಾನು ಈ ಸಿನಿಮಾವನ್ನು ಬೈಯಲು ಕೂತಿಲ್ಲ. ಅದನ್ನು ಈಗಲೂ ಪ್ರೀತಿಸುತ್ತೇನೆ, ಮತ್ತೆ ಮತ್ತೆ ನೋಡುತ್ತೇನೆ. ನಿರ್ದೇಶಕ ಟೇಲರ್ ಹ್ಯಾಕ್‌ಫರ್ಡ್ 1987ರಲ್ಲೇ ಹಕ್ಕು ಪಡೆದಿದ್ದರು. ಹದಿನೈದು ವರ್ಷ ಸ್ಟುಡಿಯೋಗಳ ಬಾಗಿಲು ತಟ್ಟಿದರು. ಕೊನೆಗೆ ಸ್ಟುಡಿಯೋ ಹೊರಗಿನ ದುಡ್ಡಿನಲ್ಲಿ, ಸುಮಾರು 4 ಕೋಟಿ ಡಾಲರ್‌ನಲ್ಲಿ, ಸಿನಿಮಾ ಆಯಿತು. ನಾಯಕ ಜೇಮಿ ಫಾಕ್ಸ್ ಪಿಯಾನೋ ಕಲಿತವರು, ಅದರ ಮೇಲೆ ಸ್ಕಾಲರ್‌ಶಿಪ್ ಪಡೆದು ಕಾಲೇಜಿಗೆ ಹೋದವರು. ಪರದೆ ಮೇಲೆ ಕಾಣುವ ಬೆರಳುಗಳು ಅವರದೇ. ಚಿತ್ರೀಕರಣದಲ್ಲಿ ರೆಪ್ಪೆಯ ಮೇಲೆ ಅಂಟಿನ ಪದರ ಹಚ್ಚಿ ಕಣ್ಣು ಮುಚ್ಚಿಸುತ್ತಿದ್ದರು, ದಿನವಿಡೀ ಏನೂ ಕಾಣದೆ ನಟಿಸಿದರು. ಸಿನಿಮಾಕ್ಕೆ ಮೊದಲು ರೇ ಅವರ ಜೊತೆ ಕೂತು ಪಿಯಾನೋ ಬಾರಿಸಿದ ಕಥೆಯನ್ನು ಫಾಕ್ಸ್ ಎಷ್ಟೋ ಸಲ ಹೇಳಿದ್ದಾರೆ. ಒಂದು ಸ್ವರ ತಪ್ಪಿತಂತೆ. ರೇ ಅಲ್ಲಿಗೇ ನಿಲ್ಲಿಸಿ, ಸ್ವರ ನಿನ್ನ ಬೆರಳಿನ ಕೆಳಗೇ ಇದೆ, ಮತ್ತೆ ಯಾಕೆ ತಪ್ಪು ಹಾಕಿದೆ ಅಂತ ಕೇಳಿದರಂತೆ. ನನಗೆ ಆ ಮನುಷ್ಯನನ್ನು ಕಂಡ ಹಾಗಾಗುವುದು ಇಂಥ ಕಡೆ.

ಕಣ್ಣು ಕಳೆದುಕೊಂಡ ಹುಡುಗ ಮನೆಯಲ್ಲಿ ಎಡವಿ ಬಿದ್ದು ಅಮ್ಮಾ ಅಂತ ಕೂಗುವ ದೃಶ್ಯ ಇದೆಯಲ್ಲ, ಅದರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ತಾಯಿ ಅಲ್ಲೇ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಾಳೆ. ಎತ್ತುವುದಿಲ್ಲ, ಮಾತಾಡುವುದಿಲ್ಲ. ಹುಡುಗ ಅತ್ತು ಅತ್ತು ಸುಮ್ಮನಾಗುತ್ತಾನೆ. ಆಗ ಅವನಿಗೆ ಒಂದೊಂದೇ ಸದ್ದು ಕೇಳಲು ಶುರುವಾಗುತ್ತದೆ, ಒಲೆಯ ಮೇಲಿನ ನೀರು, ಹೊರಗಿನ ದಾರಿ, ನೆಲದ ಮೇಲಿನ ಹುಳ. ಹುಳವನ್ನು ಕೈಯಲ್ಲಿ ಹಿಡಿಯುತ್ತಾನೆ. ಆಮೇಲೆ, ಅಮ್ಮಾ ನೀನು ಅಲ್ಲಿದ್ದೀಯ, ನನಗೆ ಕೇಳಿಸುತ್ತಿದೆ ಅಂತಾನೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ವಿಷಯ ಗೊತ್ತಿರುವ ನಮ್ಮ ಜನಕ್ಕೆ ಈ ದೃಶ್ಯ ಬೇಗ ಮನಸ್ಸಿಗೆ ತಾಗುತ್ತದೆ. ಕಣ್ಣಿಲ್ಲದ ಮಗು ಸಂಗೀತಗಾರ ಆಗುವುದು ಪವಾಡ ಅಲ್ಲ, ಗಟ್ಟಿ ಮನಸ್ಸಿನ ಯಾರೋ ಒಬ್ಬರು ಕೂತು ಕಲಿಸಿದ್ದು ಅಂತ ನಾವು ಅಲ್ಲಿ ನೋಡಿದ್ದೇವೆ.

ಗದಗಿನ ಮಾತು ಬಂದದ್ದಕ್ಕೆ ಇನ್ನೊಂದು. ಪಂಚಾಕ್ಷರ ಗವಾಯಿಗಳ ಬದುಕಿನ ಮೇಲೆ 1995ರಲ್ಲಿ ಕನ್ನಡದಲ್ಲಿ ಸಿನಿಮಾ ಬಂತು. ಸಂಗೀತಕ್ಕೆ ಹಂಸಲೇಖ ಅವರಿಗೆ, ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅಲ್ಲಿ ಕೇಳುವ ದನಿ ಎಸ್ಪಿಬಿ ಅವರದು ಅಂತ ನಮಗೆಲ್ಲ ಗೊತ್ತಿರುತ್ತದೆ. ಹಾಗಾಗಿ ಇದು ಸಿನಿಮಾ ಅನ್ನುವುದು ಮನಸ್ಸಿನ ಮೂಲೆಯಲ್ಲಿ ಎಚ್ಚರ ಇರುತ್ತದೆ. ‘ರೇ’ಯಲ್ಲಿ ಬಹುಪಾಲು ಹಾಡುಗಳಿಗೆ ಕೇಳುವುದು ರೇ ಚಾರ್ಲ್ಸ್ ಅವರದೇ ದನಿ. ಫಾಕ್ಸ್ ತುಟಿ ಆಡಿಸುತ್ತಾರೆ. ಆ ದನಿ ನಿಜ, ಬೆರಳು ನಿಜ, ಮುಚ್ಚಿದ ಕಣ್ಣು ನಿಜ. ಇಷ್ಟೆಲ್ಲ ನಿಜ ಇದ್ದ ಕಡೆ ನಿಷೇಧವೂ ನಿಜವೇ ಇರಬೇಕು ಅಂತ ನಾವು ನುಂಗಿಬಿಡುತ್ತೇವೆ. ನಾನು ನುಂಗಿದ್ದು ಹಾಗೆಯೇ. ಕೆಟ್ಟ ಸಿನಿಮಾದ ಸುಳ್ಳು ಸಿನಿಮಾದ ಜೊತೆಗೇ ಮರೆತುಹೋಗುತ್ತದೆ. ಇದು ಒಳ್ಳೆಯ ಸಿನಿಮಾ, ಅದಕ್ಕೇ ಇದರ ಸುಳ್ಳು ಉಳಿದುಕೊಂಡಿತು.

ಹಾಗಾದರೆ ರೇ ಅವರೇ ಯಾಕೆ ಬೇಡ ಅನ್ನಲಿಲ್ಲ? ಚಿತ್ರಕಥೆಯನ್ನು ಅವರಿಗೆ ಬ್ರೈಲ್‌ನಲ್ಲಿ ಮಾಡಿಸಿ ಕೊಟ್ಟಿದ್ದರು. ಅವರು ತಕರಾರು ಎತ್ತಿದ್ದು ಎರಡೇ ಕಡೆ. ಚಿಕ್ಕವನಿದ್ದಾಗ ಪಿಯಾನೋ ಕಲಿಯಲು ಮನಸ್ಸಿಲ್ಲದೆ ಕೂತ ಹಾಗೆ ಒಂದು ದೃಶ್ಯ ಇತ್ತು, ಅದು ಸುಳ್ಳು ಅಂದರು. ಗ್ರೀನ್‌ವಿಲ್‌ನಲ್ಲಿ ವೈಲಿ ಪಿಟ್‌ಮನ್ ಅನ್ನುವವರ ಅಂಗಡಿಯಲ್ಲಿ ಪಿಯಾನೋ ಸದ್ದು ಕೇಳಿದರೆ ಓಡಿಹೋಗುತ್ತಿದ್ದ ಹುಡುಗ ಅವರು. ಇನ್ನೊಂದು, ರೇಲೆಟ್ಸ್ ತಂಡದ ಮಾರ್ಜಿ ಹೆಂಡ್ರಿಕ್ಸ್‌ಗೆ ಹೆರಾಯಿನ್ ಚುಚ್ಚಿಕೊಳ್ಳುವುದನ್ನು ತಾವು ಕಲಿಸಿದ ಹಾಗೆ ಇದ್ದ ದೃಶ್ಯ. ಅದಕ್ಕೂ ಒಪ್ಪಲಿಲ್ಲ. ಪಿಯಾನೋ ಮೇಲಿನ ಪ್ರೀತಿ, ಇನ್ನೊಬ್ಬರನ್ನು ಕೆಡಿಸಿದೆ ಅನ್ನುವ ಆರೋಪ, ಈ ಎರಡು ಅವರಿಗೆ ತಾಗಿದವು. ಹೆಂಗಸರ ವಿಷಯ, ಚಟ, ಜೊತೆಯವರ ಹತ್ತಿರ ಒರಟಾಗಿ ನಡೆದುಕೊಂಡದ್ದು, ಇದೆಲ್ಲ ಇರಲಿ ಬಿಡಿ ಅಂದರು. ತಮ್ಮ ಬದುಕಿನ ಕೊಳಕನ್ನು ಇಷ್ಟು ತೆರೆದು ತೋರಿಸಲು ಒಪ್ಪಿದವರು ಕಡಿಮೆ. ನಿಷೇಧದ ವಿಷಯ ಮಾತ್ರ ಅವರ ತಕರಾರಿನಲ್ಲಿ ಇಲ್ಲ. ಸಿನಿಮಾ ತೆರೆಗೆ ಬಂದದ್ದು 2004ರ ಅಕ್ಟೋಬರ್ 29ರಂದು. ಅವರು ಅದೇ ವರ್ಷ ಜೂನ್ 10ರಂದೇ ತೀರಿಕೊಂಡಿದ್ದರು. ಮರುವರ್ಷ ಫೆಬ್ರವರಿಯಲ್ಲಿ ಫಾಕ್ಸ್‌ಗೆ ಆಸ್ಕರ್ ಬಂತು, ಧ್ವನಿಗೆ ಇನ್ನೊಂದು ಬಂತು. ಅಷ್ಟು ಹೊತ್ತಿಗೆ ನಿಷೇಧದ ಕಥೆ ಪ್ರಪಂಚ ಸುತ್ತಿ ಬಂದಿತ್ತು.

ಬೇರೆ ಬದಲಾವಣೆಗಳೂ ಇವೆ, ಬೇಗ ಹೇಳಿ ಮುಗಿಸುತ್ತೇನೆ. ತಮ್ಮನ ಸಾವಿನ ಪಾಪಪ್ರಜ್ಞೆಯೇ ಚಟಕ್ಕೆ ಕಾರಣ ಅನ್ನುವ ಹಾಗೆ ಸಿನಿಮಾ ಹೆಣೆಯುತ್ತದೆ. ಕೈಯಿಟ್ಟ ಕಡೆಯೆಲ್ಲ ನೀರು, ನೀರಿನಲ್ಲಿ ಪುಟ್ಟ ಕಾಲು. ರೇ ಆದರೆ ತಮ್ಮ ಆತ್ಮಕಥೆಯಲ್ಲಿ ಇದಕ್ಕೆ ಯಾರನ್ನೂ ಯಾವುದನ್ನೂ ದೂರಲಿಲ್ಲ, ನಾನೇ ಮಾಡಿಕೊಂಡದ್ದು ಅಂದರು. ಡೆಲ್ಲಾ ಬೀ ಜೊತೆಗಿನ ಮದುವೆ 1977ರಲ್ಲಿ ಮುರಿಯಿತು, ಸಿನಿಮಾ ನೋಡಿ ಎದ್ದವರಿಗೆ ಅದು ಗೊತ್ತಾಗುವುದಿಲ್ಲ. ರೇ ಅವರಿಗೆ ಹತ್ತು ಜನ ಹೆಂಗಸರಿಂದ ಹನ್ನೆರಡು ಮಕ್ಕಳು. ಇವೆಲ್ಲ ಒಂದು ಮನೆಯ ವಿಷಯ. ಒಂದು ಊರಿನ ಇತಿಹಾಸ ಅಲ್ಲ. ಅದಕ್ಕೆ ಇವು ನನ್ನನ್ನು ಅಷ್ಟು ಕಾಡುವುದಿಲ್ಲ.

ಕಾಡುವುದು 1981. ಶಾಸನಸಭೆಯಲ್ಲಿ ಹಾಡಿ ಎರಡು ವರ್ಷಕ್ಕೆ ರೇ ದಕ್ಷಿಣ ಆಫ್ರಿಕಾದ ಸನ್ ಸಿಟಿಗೆ ಹೋಗಿ ಹಾಡಿದರು. ಆಗ ಅಲ್ಲಿ ವರ್ಣಭೇದದ ಸರ್ಕಾರ, ಕಲಾವಿದರು ಅಲ್ಲಿಗೆ ಹೋಗಬಾರದು ಅಂತ ಪ್ರಪಂಚದಾದ್ಯಂತ ಬಹಿಷ್ಕಾರ ನಡೆದಿತ್ತು. ಆಗಸ್ಟಾದಲ್ಲಿ ಹಾಡುವುದಿಲ್ಲ ಅಂದ ಮನುಷ್ಯ ಅಲ್ಲಿ ಯಾಕೆ ಹಾಗೆ ಅನ್ನಲಿಲ್ಲ? 1961ರಲ್ಲಿ ಅವರಿಗೆ ವಿಷಯ ಹೇಳಿದ ವಿದ್ಯಾರ್ಥಿಗಳಿದ್ದರು. 1981ರಲ್ಲೂ ಹೇಳುವವರು ಇದ್ದರು, ಜೋರಾಗಿಯೇ ಹೇಳಿದರು. ಈ ಸಲ ಅವರು ಕೇಳಲಿಲ್ಲ. ಸಿನಿಮಾ 1979ಕ್ಕೇ ನಿಂತದ್ದರಿಂದ ಈ ಪ್ರಶ್ನೆಗೆ ಮುಖ ಕೊಡಬೇಕಾಗಿ ಬರಲಿಲ್ಲ. ಜೀವನಪೂರ್ತಿ ನಿಷೇಧ ಹೊತ್ತ ಹೀರೋ ಅಂತ ಮಾಡಿಬಿಟ್ಟ ಮೇಲೆ ಸನ್ ಸಿಟಿಯನ್ನು ಎಲ್ಲಿ ಇಡುತ್ತಾರೆ? ಆದರೆ ಒಂದು ದಿನ ಸರಿಯಾದದ್ದನ್ನು ಮಾಡಿ, ಇನ್ನೊಂದು ದಿನ ಮಾಡದೆ ಹೋದ ರೇ ಚಾರ್ಲ್ಸ್ ಅವರೇ ನನಗೆ ಹೆಚ್ಚು ಅರ್ಥವಾಗುತ್ತಾರೆ. ಹಾಗಿದ್ದದ್ದರಿಂದಲೇ ಮೊದಲನೆಯ ದಿನ ಆ ವಿದ್ಯಾರ್ಥಿಗಳು ಮಾಡಿದ್ದು ಎಷ್ಟು ದೊಡ್ಡ ಕೆಲಸ ಅನ್ನುವುದೂ ಗೊತ್ತಾಗುತ್ತದೆ. ಅವರು ಹೇಳದೇ ಹೋಗಿದ್ದರೆ ಆ ರಾತ್ರಿ ಬೆಲ್ ಆಡಿಟೋರಿಯಂನಲ್ಲಿ ಕಾರ್ಯಕ್ರಮ ಸುಮ್ನೆ ನಡೆದುಹೋಗುತ್ತಿತ್ತು.

ಈಗ ಯಾರಾದರೂ ನನ್ನ ಹತ್ತಿರ ಆ ನಿಷೇಧದ ಕಥೆ ಹೇಳಿದರೆ ನಾನು ತಡೆದು ಆಗಸ್ಟಾದ ಕಥೆ ಹೇಳುತ್ತೇನೆ. ಪೇನ್ ಕಾಲೇಜಿನಿಂದ ಶುರು ಮಾಡುತ್ತೇನೆ. 757 ಡಾಲರ್, ರೇಡಿಯೋದಲ್ಲಿ ಐದು ವಾರ ಓಡಿದ ಹಾಡು, ಎಲ್ಲ ಹೇಳುತ್ತೇನೆ. ಮತ್ತೆ ಸಿನಿಮಾದಲ್ಲಿ ಇಲ್ಲದ ಆ ಅಕ್ಟೋಬರ್ ರಾತ್ರಿ ಬರುತ್ತದೆ. ಅದೇ ಊರು, ಅದೇ ಹಾಲ್, ಪಿಯಾನೋ ಮುಂದೆ ಅದೇ ಮನುಷ್ಯ, ಪಕ್ಕದಲ್ಲಿ ರೇಲೆಟ್ಸ್. ಆ ರಾತ್ರಿ ‘ನೀವು ಬಾಲ್ಕನಿಗೆ ಹೋಗಿ’ ಅಂತ ಬಾಗಿಲಲ್ಲಿ ಯಾರೂ ಯಾರಿಗೂ ಹೇಳಲಿಲ್ಲ.